ಷರಾ

ಬೋನಾಳ ಕೆರೆಯ ಒಡ್ಡಿನ ಮೇಲೆ ಕೂತು
ಮೊಣಕಾಲಿಗೆ ದಫ್ತರ ಒರಗಿಸಿ ಗೆರೆ ಎಳೆಯುತ್ತೇನೆ.
ಕ್ರಮಸಂಖ್ಯೆ. ಊರವರು ಕರೆಯುವ ಹೆಸರು. ಮೂಲ ಸ್ಥಾನ.
ಯಾವಾಗ ಬಂತು. ಎಷ್ಟು ಜಾಗ ಹಿಡಿದಿದೆ.
ಕೊನೆಗೆ ಎರಡು ಬೆರಳಗಲ, ಷರಾ.
ಅದನ್ನು ಖಾಲಿ ಬಿಟ್ಟರೂ ನಡೆಯುತ್ತದೆ
ಎಂದಿದ್ದಾರೆ ಸುರಪುರದ ಕಚೇರಿಯಲ್ಲಿ.

ಮೊದಲು ಬಳ್ಳಾರಿ ಜಾಲಿ.
ಮೂಲ: ಸಮುದ್ರದಾಚೆ.
ಬಳ್ಳಾರಿಯವರು ಇದನ್ನು ಏನೆನ್ನುತ್ತಾರೋ,
ನಮ್ಮ ಪಾಲಿಗೆ ಪರದೇಶ ಶುರುವಾಗುವುದು
ಬಳ್ಳಾರಿಯಿಂದ.
ತಾಂಡಾದ ಪೋಮಿಬಾಯಿ ಇದ್ದಿಲ ಭಟ್ಟಿಗೆ ಮಣ್ಣು ಮೆತ್ತುತ್ತ
ಹೊಗೆಯೊಳಗಿಂದಲೇ ಕೇಳಿದಳು:
'ಬರಕೊಂಡ್ ಏನ್ ಮಾಡ್ತೀರಿ, ಕಿತ್ತು ಒಗೀತೀರೇನು?
ಕಿತ್ತರೂ ಬುಡ ಬಿಡ್ರಿ. ಮುಂದಿನ ವರ್ಷಕ್ಕ ನನಗ ಬೇಕು.'
ಬರೆದುಕೊಂಡೆ.
ಹೊಡೆದು ಹಾಕಿದೆ.
ಮತ್ತೆ ಬರೆದೆ.

ಬೇಷರಮ್.
ನೀರ ಅಂಚಿಗೆ ನಸುನೇರಳೆ ತುತ್ತೂರಿ ಹಿಡಿದು ನಿಂತದ್ದು,
ಕಡಿದು ಎಸೆದಲ್ಲೇ ಬೇರು ಬಿಡುವುದು,
ಬೈದಷ್ಟೂ ಹೂ.
ಆಡು ಮುಟ್ಟದ ಸೊಪ್ಪಿಲ್ಲ ಎಂದವರು
ಇದು ಬರುವ ಮೊದಲೇ ಹೋಗಿಬಿಟ್ಟಿದ್ದರು, ಪಾಪ.

ಕಾಂಗ್ರೆಸ್ ಕಸ ಗೋದಿಯ ಜೊತೆ ಬಂತಂತೆ
ಹಡಗಿನಲ್ಲಿ, ರೇಷನ್ ಚೀಲದಲ್ಲಿ.
ಆ ಗೋದಿಯ ರೊಟ್ಟಿ ಬರುವುದಿಲ್ಲವೆಂದು ಅಂಬಲಿ ಕಾಸಿ
ನಮ್ಮಜ್ಜಿ ಆರು ಮಕ್ಕಳನ್ನು ಉಳಿಸಿಕೊಂಡಳು.
ಈಗ ನನ್ನ ಮುಂಗೈ ಮೇಲೆ ಕೆಂಪು ಗಾದರಿ.
ಒಂದೇ ಚೀಲದ ಮಾಲು, ಎರಡು ತಲೆಮಾರಿಗೆ ಹಂಚಿಕೆ.
ಹಾನಿ ಎಂದು ಬರೆಯುವಾಗ
ಕೈ ಕೆರೆದುಕೊಳ್ಳಲು ಪೆನ್ನು ಕೆಳಗಿಟ್ಟೆ.

ಜಟ್ಟೆಪ್ಪ ಬಲೆ ಕೊಡವಿ ತೋರಿಸಿದ ಮೀನು
ಮೊಳದುದ್ದ, ಕಪ್ಪು, ಎಂಟು ಮೀಸೆ, ಬುಟ್ಟಿಯಲ್ಲೂ ಸಾಯದ್ದು.
ನನ್ನ ಪುಸ್ತಕದಲ್ಲಿ ಆಫ್ರಿಕಾದ ಕ್ಯಾಟ್‌ಫಿಷ್.
'ಮಳಿ ಬಂದ್ರ ಹೊಲದಾಗ ತೆವಳಿ ಮುಂದಿನ ಹೊಂಡಕ್ಕ ಹೋಗ್ತದರಿ.
ಸಣ್ಣವು ಒಂದೂ ಬಿಡಂಗಿಲ್ಲ.'
ಊರಲ್ಲಿ ಏನಂತಾರೆ?
ಅತ್ತಿತ್ತ ನೋಡಿ, ದನಿ ಇಳಿಸಿ,
'ಠಾಣೇದಾರ.'
ಎರಡನೇ ಕಾಲಮ್ಮಿನಲ್ಲಿ ಅದನ್ನೇ ಇಳಿಸಿದೆ.
'ನನ್ನ ಹೆಸರ್ ಮಾತ್ರ ಬರೀಬ್ಯಾಡ್ರಿ' ಅಂದ.
ಬರೆದಿಲ್ಲ; ಈ ಹೆಸರು ಬೇರೆ.

ಹೊತ್ತು ಇಳಿಯುವಾಗ ಅಮೋಗೆಪ್ಪ ಕುರಿ ಹೊಡೆದುಕೊಂಡು ಬಂದ.
ಅವನನ್ನು ನಾನು ಕೇಳಬಾರದ್ದು ಕೇಳಿದೆ,
ಹಾಳೆಯಲ್ಲಿ ಇಲ್ಲದ ಪ್ರಶ್ನೆ:
ಇವೆಲ್ಲ ಬರುವ ಮೊದಲು ಈ ದಿನ್ನೆ ಮೇಲೆ ಏನಿತ್ತು?

'ಹುಲ್ಲಿತ್ತು.'
ಯಾವ ಹುಲ್ಲು?
'ಹುಲ್ಲ್ರಿ. ಕೆಂಪನ್ನ ತೆನಿ. ಅದು ಮೇಯ್ದ್ರ
ಹಾಲು ಸಿಹಿ ಇರ್ತಿತ್ತು, ಉಣ್ಣಿ ಒಂದು ಮೆತ್ತಗ.
ಗಾಳಿ ಬಿಟ್ರ...' ಎಂದು ತುಟಿ ಮುಂದೆ ಮಾಡಿ
ಒಂದು ಸದ್ದು ಮಾಡಿದ. ಅದಕ್ಕೆ ಅಕ್ಷರವಿಲ್ಲ.
ಹೆಸರು?
ನಾಲಿಗೆ ದವಡೆಯ ಮೂಲೆ ಮೂಲೆ ತಡಕಾಡಿತು.
ಆಚೆ ದಂಡೆಯ ತಮ್ಮನಿಗೆ ಕೂಗಿದ.
ಕೆರೆ ಆ ಕೂಗನ್ನು ದಾಟಿಸಿತು,
ಉತ್ತರವನ್ನೂ:
'ಅವ್ವಗ ಗೊತ್ತಿತ್ತೋ.'

ಜಾಲಿಗೆ ನಾಲ್ಕು ಹೆಸರು ಸಿಕ್ಕಿವೆ ನನಗೆ,
ಬೇಷರಮ್‌ಗೆ ಮೂರು,
ಮೀನಿಗೆ ಪೊಲೀಸ್ ಹುದ್ದೆ.

ಅಮೋಗೆಪ್ಪನ ಬಲಗೈ ಮಾತ್ರ
ಇನ್ನೂ ಹಾಗೇ ಇತ್ತು, ಅಂಗೈ ಕೆಳಗೆ ಮಾಡಿ,
ಮೊಣಕಾಲಿಗಿಂತ ತುಸು ಮೇಲೆ, ಅಲುಗದೆ,
ಇಷ್ಟೆತ್ತರ ಎಂದು ಹೇಳುತ್ತಾ.
ಕುರಿಯೊಂದು ಬಂದು ಅದರಡಿ ತಲೆ ತೂರಿಸಿ
ಏನೂ ಇಲ್ಲದ್ದು ಕಂಡು ಹೋಯಿತು.

'ತಡೀರಿ, ಕೈ ತೆಗೀಬ್ಯಾಡ್ರಿ' ಎಂದು
ಬಗ್ಗಿ ನೆಲದಿಂದ ಅಳೆದೆ.

ಷರಾ:
ಒಂದು ಮೊಳ, ನಾಲ್ಕು ಬೆರಳು.