ಎದುರುಗಾಳಿಯ ಲೆಕ್ಕ

ಸಿಡ್ನಿಯಿಂದ ಪರ್ತ್‌ಗೆ
ಮೂರು ಸಾವಿರದ ಇನ್ನೂರ ಎಂಬತ್ತು ಕಿಲೋಮೀಟರು, ಮೇಲೆ ಚಿಲ್ಲರೆ.
ಹೋಗಲು ಐದು ತಾಸು, ಬರಲು ನಾಲ್ಕು.
ದಾರಿ ಒಂದೇ. ಗಾಳಿ ಮಾತ್ರ
ಪಡುವಣದಿಂದ ಮೂಡಣಕ್ಕೆ ಹೊರಟದ್ದು
ಯಾರ ಮಾತೂ ಕೇಳುವುದಿಲ್ಲ.

ಕಿಟಕಿಯ ಸೀಟು. ಮಡಿಲಲ್ಲಿ ನೀಲಿ ಪೆಟ್ಟಿಗೆ.
ಒಳಗೆ, ಬೆಳಿಗ್ಗೆ ಯಾರದೋ ತೋಳಿನಿಂದ
ನಾಲ್ಕು ತಾಸು ಸೋಸಿ ತೆಗೆದ
ಒಂದು ಚೀಲ ಜೀವಕಣ, ಟೊಮೆಟೊ ಸಾರಿನ ಬಣ್ಣ.
ಕೊಟ್ಟವರ ಹೆಸರು ನನಗಿಲ್ಲ, ಕೊಳ್ಳುವವರದೂ ಇಲ್ಲ.
ಒಂದು ನಂಬರು,
ಮುಚ್ಚಳದ ಮೇಲೆ ಹಸಿರು ಅಂಕಿ: ನಾಲ್ಕು ಪಾಯಿಂಟ್ ಆರು.
ಎರಡಕ್ಕಿಳಿಯಬಾರದು, ಎಂಟಕ್ಕೇರಬಾರದು,
ಎಕ್ಸ್‌ರೇ ಕಣ್ಣಿಗೆ ಬೀಳಬಾರದು,
ನನ್ನ ಕೈ ಬಿಡಬಾರದು.
ಕಕ್ಕಸಿಗೂ ಜೊತೆಗೇ ಬರುತ್ತೆ,
ಹಟದ ಕೂಸಿನ ಹಾಗೆ.

ಪಕ್ಕದ ಡೆಸ್ಮಂಡ್, ಕಾಲ್‌ಗೂರ್ಲಿಯ ಗಣಿಯಲ್ಲಿ
ಮೂವತ್ತು ವರ್ಷ ಲಾರಿ ಓಡಿಸಿದವನು,
ಬಿಯರಿನ ಡಬ್ಬಿ ತೆರೆಯುತ್ತ ಕೇಳಿದ:
ಏನದು, ಬುತ್ತಿಯೇ?
ಹೌದೆಂದೆ. ಬೇರೆಯವರದು.

ನಮ್ಮಪ್ಪ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುತ್ತಿದ್ದ,
ಸಿಂದಗಿ ತಾಲೂಕಿನ ಎರೆಹೊಲಗಳಲ್ಲಿ.
ಮೂವತ್ತಮೂರು ಅಡಿಗೆ ಒಂದು ಸರಪಳಿ,
ಸರಪಳಿಗೆ ಹದಿನಾರು ಆಣೆ.
ಊರು ಎಷ್ಟು ದೂರ ಅಂದರೆ ಮಾತ್ರ
ಅವನ ಬಾಯಲ್ಲಿ ಆ ಅಳತೆ ಬರುತ್ತಿರಲಿಲ್ಲ.
ಒಂದು ಎಲೆಯಡಿಕೆ ಮುಗಿಯುವಷ್ಟು, ಅನ್ನುತ್ತಿದ್ದ,
ಇಲ್ಲವೆ ಎರಡು ಹರದಾರಿ, ಇಲ್ಲವೆ
ಅಕೋ, ಕೂಗಳತೆ.

ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆ:
ಈ ದಾರಿಗೆ ಮೂರು ಲಕ್ಷದ ಇಪ್ಪತ್ತಾರು ಸಾವಿರ ಸರಪಳಿ.
ಎಲೆಯಡಿಕೆಯ ಲೆಕ್ಕ ಹತ್ತಲಿಲ್ಲ.
ಕೂಗಿದರೆ ಡೆಸ್ಮಂಡ್ ಏಳುತ್ತಾನೆ.

ಪೈಲಟ್ ಹೇಳಿದ: ಎದುರುಗಾಳಿ ಇವತ್ತು ಜೋರು,
ಇಪ್ಪತ್ತೈದು ನಿಮಿಷ ತಡ.
ಯಾರೋ ನಿಟ್ಟುಸಿರಿಟ್ಟರು, ಯಾರೋ ಇನ್ನೊಂದು ವೈನ್ ಕೇಳಿದರು.
ನಾನು ಅಂಕಿ ನೋಡಿದೆ. ಐದು ಪಾಯಿಂಟ್ ಒಂದು.
ಅಲ್ಲಿ ಒಬ್ಬರು ಮಲಗಿದ್ದಾರೆ
ಎಲುಬಿನೊಳಗೆಲ್ಲ ಗುಡಿಸಿ, ಸಾರಿಸಿ,
ಬಾಗಿಲು ತೆರೆದಿಟ್ಟುಕೊಂಡು.
ಹಳೆಯದನ್ನು ಕೊಂದಾಗಿದೆ.
ಹೊಸದು ಇನ್ನೂ ನಲ್ಲಾರ್‌ಬೋರ್‌ನ ಮೇಲಿದೆ.

ಕೆಳಗೆ ಮರವಿಲ್ಲದ ಬಯಲು, ಕತ್ತಲು.
ಬಹಳ ಹೊತ್ತಿನ ಮೇಲೆ ಒಂದು ದೀಪ,
ಲಾರಿಯದೋ, ಪೆಟ್ರೋಲ್ ಬಂಕಿನದೋ.
ರೆಪ್ಪೆ ಬಡಿಯುವುದರೊಳಗೆ ಹಿಂದೆ ಬೀಳಬೇಕಿತ್ತು;
ಗಾಳಿಗೆ ಎದೆಯೊಡ್ಡಿ ನಿಂತೇಬಿಟ್ಟಂತಿದ್ದ ವಿಮಾನವನ್ನು
ಸುಮಾರು ಹೊತ್ತು ನೋಡುತ್ತಲೇ ಇತ್ತು.

ಪರ್ತ್‌ನಲ್ಲಿ ಗಡಿಯಾರ ಎರಡು ತಾಸು ಹಿಂದೆ.
ಆಗಿಹೋಗಿದ್ದ ಒಂಬತ್ತೂವರೆಯನ್ನು ಇನ್ನೊಮ್ಮೆ ಕೊಟ್ಟರು.
ಬೇಡವೆನ್ನಲಿಲ್ಲ.
ಆಸ್ಪತ್ರೆಯ ಐದನೇ ಮಹಡಿಯಲ್ಲಿ ನರ್ಸ್ ಬ್ರಿಜಿಡ್
ನಂಬರು ಓದಿದಳು, ನಾನು ಓದಿದೆ, ಮತ್ತೆ ಅವಳು.
ನಾಲ್ಕು ಪಾಯಿಂಟ್ ಒಂಬತ್ತು. ಸಹಿ.
ಬಾಗಿಲು ಮುಚ್ಚಿಕೊಂಡಿತು. ಆಚೆ ಯಾರಿದ್ದರೋ
ಕೂಗಳತೆಯಲ್ಲೇ ಇದ್ದರು.
ಕೂಗುವ ಹಾಗಿಲ್ಲ.

ಖರ್ಚಿನ ಫಾರಂನಲ್ಲಿ 'ಪ್ರಯಾಣಿಸಿದ ದೂರ' ಎಂಬ ಕಲಂ.
ವಿಮಾನದ್ದು ಹಿಡಿಯಬಾರದಂತೆ, ಟ್ಯಾಕ್ಸಿಯದು ಮಾತ್ರ.
ಹತ್ತೊಂಬತ್ತು, ಎಂದು ಬರೆದೆ.

ಬೆಳಿಗ್ಗೆ ಮರಳುವಾಗ ಬೆನ್ನಿಗೆ ಗಾಳಿ.
ಖಾಲಿ ಪೆಟ್ಟಿಗೆ ತಲೆಯ ಮೇಲಿನ ಖಾನೆಯಲ್ಲಿ.
ಮೂರು ತಾಸು ಐವತ್ತು ನಿಮಿಷ;
ಅವಸರವಿಲ್ಲದವರನ್ನು ಅದು ಹೀಗೇ ದಬ್ಬುತ್ತೆ.
ತೊಡೆಯ ಮೇಲೆ ತಣ್ಣಗಿನ ಒಂದು ಚೌಕ
ಇನ್ನೂ ಇತ್ತು.
ಅಳೆದರೆ ಎಷ್ಟು ಆಣೆ ಬರುತ್ತಿತ್ತೋ,
ಅಷ್ಟರಲ್ಲಿ ಚಹಾ ತಂದರು.