ಕತ್ತರಿಗೆ ಬಗ್ಗದ ಹುಲ್ಲು

ಅಕ್ಕಲಕೋಟದ ಬಸ್‌ಸ್ಟ್ಯಾಂಡಿನ ಹಿಂದ
ಎರಡು ಕುರ್ಚಿ, ಮೂರು ಕನ್ನಡಿ, ನನ್ನ ಅಂಗಡಿ.
ಟಿವಿ ಕೆಟ್ಟು ಖಾಲಿಯಾದ ಜಾಗದಾಗ
ಎರಡಡಿ ಉದ್ದದ ಗಾಜಿನ ಪೆಟ್ಟಿಗಿ,
ಅದರಾಗ ಆರು ಗಪ್ಪಿ ಮೀನು.

ಸೊಲ್ಲಾಪುರದ ಇಮ್ತಿಯಾಜ್ ಬಾಗವಾನ
ಹಸಿ ಪೇಪರಿನಾಗ ಸುತ್ತಿ ಕೊಟ್ಟಿದ್ದ, ಮೂರ ಸಸಿ:
"ಬೇರಷ್ಟ ಮರಳಾಗ ಇರಲಿ, ಕುತ್ತಿಗಿ ಮುಚ್ಚಬ್ಯಾಡ.
ಗೊಬ್ಬರ ಬ್ಯಾಡ, ಗ್ಯಾಸ್ ಬ್ಯಾಡ,
ಒಂದು ಟ್ಯೂಬಲೈಟ್ ಸಾಕು.
ಆಮ್ಯಾಲ ಮರತುಬಿಡು, ಚನಮಲ್ಲಪ್ಪ."

ಮರೆಯೂದ ನನಗ ಬರೂದಿಲ್ಲ.
ಎಂಟನೇ ದಿನಕ್ಕ ಎಲಿ ಕರಗಿ
ಬೆಂದ ಶ್ಯಾವಿಗಿ ಹಾಂಗ ತೇಲಿದ್ವು.
ಗಡ್ಡಕ್ಕ ಕುಂತಿದ್ದ ಪೋಸ್ಟಿನ ಗಾಯಕವಾಡ
ಕನ್ನಡಿಯೊಳಗಿಂದನ "ಗೇಲಾ, ಗೇಲಾ" ಅಂದ.
ಕಿತ್ತು ಒಗೀಬೇಕಂತ ಕೈ ಇಳಿಸಿದೆ;
ಬೇರು ಮರಳ ಹಿಡಕೊಂಡಿತ್ತು.
ಬಿಟ್ಟೆ.

ನಮ್ಮ ಬೋರಿನ ನೀರು ಗೊತ್ತದಲ್ಲ:
ಸಾಬೂನು ನೊರಿ ಬರೂದಿಲ್ಲ,
ತಂಬಿಗಿ ಒಳಗ ಸುಣ್ಣದ ಪದರು,
ವಸ್ತರಾದ ಮ್ಯಾಲ ಬಿಳಿ ಕಲಿ.
ಗಿರಾಕಿ ಬೈದ್ರು, ಹೆಂಡತಿ ಬೈದ್ಲು,
ಬ್ಯಾಳಿ ಬೇಯಲಿಲ್ಲಂತ ನಾನೂ ಬೈದೆ.
ಅದ ನೀರು ಕುಡದು
ಮೂರನೇ ವಾರ ಒಂದು ಹಸರು ಮೊಳಕಿ.
ಅಂತೂ ಈ ಊರಾಗ
ಈ ನೀರಿನ ಮ್ಯಾಲ ತಕರಾರಿಲ್ಲದ
ಒಂದು ಜೀವ ಸಿಕ್ತು.

ಆಮ್ಯಾಲಿಂದು ಕೇಳಬ್ಯಾಡ್ರಿ.
ಮರಳಿನ ಒಳಗ ಬಿಳಿ ದಾರ ಹರದು
ಬೆರಳಿನುದ್ದ ಆಚೆ ಒಂದು ಮರಿ,
ಮರಿಯಿಂದ ಮತ್ತ ದಾರ, ಮತ್ತೊಂದು ಮರಿ,
ಕಲ್ಲು ಅಡ್ಡ ಬಂದ್ರ ಸುತ್ತು ಹಾಕಿ.
ಎಲಿಗೋಳು ನೀರಿನ ಮೈ ಮುಟ್ಟಿ
ಮಡಚಿ ಒಂದರ ಮ್ಯಾಲೊಂದು ಮಲಗಿ
ಮೀನಿಗಿ ನಡು ಮಧ್ಯಾಹ್ನ ಕತ್ತಲಿ.

ಮೂವತ್ತೊಂದು ವರ್ಷದ ಕೈ ಇದು, ಸುಮ್ಮನಿರತದ?
ಕತ್ತರಿ ತಗೊಂಡೆ, ಬಾಚಣಿಕಿ ಹಿಡದೆ,
ಒಂದ ಸಮ ಕಟ್ ಮಾಡಿದೆ,
ಸಾಲಿ ಹುಡುಗರಿಗೆ ಮಾಡಿದಾಂಗ.
ನಾಕ ದಿನಕ್ಕ ತುದಿ ಎಲ್ಲಾ ಕಂದಿ
ಕಂದಿದಲ್ಲಿಂದ ಕೆಳಗ ಕೊಳತ್ವು.
ಇಮ್ತಿಯಾಜ್ ಫೋನಿನಾಗ ನಕ್ಕ, ಕೆಮ್ಮು ಬರೂತನಕ:
"ಅದು ಕೂದಲಲ್ಲೋ, ಮಾರಾಯ.
ಬ್ಯಾಡಾದ ಎಲಿ ಬುಡದಿಂದ ತಗೀ,
ಇಲ್ಲಾ ಹಂಗ ಬಿಡು."

ಹೋದ ಅಮಾಸಿ, ಗಿರಾಕಿ ಇಲ್ಲ.
ಗಿರಾಕಿ ಕುರ್ಚಿಯಾಗ ನಾನ ಕುಂತು ನೋಡತೀನಿ:
ಬುಡದಿಂದ ಒಂದು ದಂಟು
ಹಳೇ ಫೋನಿನ ವಾಯರ್ ಹಾಂಗ ಸುರುಳಿ ಸುರುಳಿ ಎದ್ದು
ನೀರಿನ ಮ್ಯಾಲ
ಸಾಬುದಾಣಿಗಿಂತ ಸಣ್ಣ ಬಿಳಿ ಹೂವು.
ಹೆಣ್ಣಂತ ಅದು. ಗಂಡು ಈ ಪೆಟ್ಟಿಗ್ಯಾಗ ಇಲ್ಲ,
ಬೀಜ ಕಟ್ಟೂದಿಲ್ಲ.
ಆದ್ರೂ ಅಷ್ಟು ದೂರ ಎದ್ದು ಬಂದು
ಫ್ಯಾನಿನ ಗಾಳಿಗೆ ಸಾವಕಾಶ ತಿರಗತದ.
ಲೈಟ್ ಆರಸಲಿಕ್ಕ ಮನಸಾಗಲಿಲ್ಲ.

ಈಗ ಶಾಂಪೂ ಡಬ್ಬಿ ತೊಳದು ಕೊಯ್ದು
ಕಟಿಂಗಿಗೆ ಬಂದವರಿಗೆ ಒಂದೊಂದು ಮರಿ, ಫುಕಟ್.
ಗಾಯಕವಾಡನ ಮನಿಯಾಗ ಅದು
ಡಬ್ಬಿ ತುಂಬಿ ಬಕೀಟಿಗಿ ಇಳದದಂತ.
ಮರಾಠಿಯಾಗ ಅದರ ಹೆಸರು ಅವನಿಗೆ ಗೊತ್ತಿಲ್ಲ,
ಕನ್ನಡದಾಗ ನನಗ ಗೊತ್ತಿಲ್ಲ;
ಅವ ಗವತ ಅಂತಾನ, ನಾ ಹುಲ್ಲು ಅಂತೀನಿ,
ಪಗಾರಾದ ಮರುದಿನ ಇಬ್ಬರೂ
ಯಾರದು ಎಷ್ಟು ಉದ್ದ ಅಂತ ಜಗಳ ಮಾಡತೀವಿ.
ಒಯ್ಯೂವರಿಗೆಲ್ಲಾ ಬಾಗಲ ತನಕ ಬಂದು ಹೇಳತೀನಿ:
ಫಿಲ್ಟರ್ ನೀರು ಹಾಕಬ್ಯಾಡ್ರಿ,
ನಮ್ಮ ಬೋರಿಂದ ಹಾಕ್ರಿ.