ಅವಳು ತೋರಿಸಿದ ಕಡೆ

ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಮುರಿದು ಬಿದ್ದಿದ್ದ
ಲಾರಿಯ ಕಮಾನುಪಟ್ಟಿ, ಗೇಣುದ್ದ,
ನೂರಿಪ್ಪತ್ತು ರೂಪಾಯಿಗೆ ತಂದಳು ದಾಕ್ಷಿ,
ನನ್ನ ಗಲ್ಲಾಪೆಟ್ಟಿಗೆಯಿಂದಲೇ, ಕೇಳದೆ.
"ಚಾಕು ಮಾಡ್ತೀನಿ" ಅಂದಳು.
ಹದಿನೈದು ದಿನದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು.

ನಾನು ಮಿರ್ಚಿ ಮಾಡುವವಳು. ಹೊಂಡದ ಸರ್ಕಲ್ ಹತ್ತಿರ ಗಾಡಿ.
ದಿನಕ್ಕೆ ಆರು ಕೆಜಿ ಮೆಣಸಿನಕಾಯಿಯ ಹೊಟ್ಟೆ ಸೀಳಿ
ಹತ್ತು ವರ್ಷ ಉಂಡಿದ್ದೇವೆ, ತಾಯಿ ಮಗಳು.
ಸಂತೆಯ ಚಾಕು ತಿಂಗಳೊಪ್ಪತ್ತಿಗೆ ಮೊಂಡು.
ಅದನ್ನು ಯಾರೋ ಎಲ್ಲೋ ಕೂತು ಮಾಡಿರಬೇಕು
ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಹಳೇಪೇಟೆಯ ಈರಾಚಾರಿಯ ಕುಲುಮೆ ಆರಿ ಆರು ವರ್ಷ.
ಕಣ್ಣಿಗೆ ಪೊರೆ. ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ
"ಹೆಣ್ಮಕ್ಕಳಿಗೆ..." ಎಂದು ಶುರುಮಾಡಿ, ಪೂರ್ತಿ ಮಾಡದೆ,
"ಬೂದಿ ಬಳೀರಿ ಮೊದಲು" ಎಂದ.
ಬಳಿದೆವು. ಅಡಿಯಲ್ಲಿ ಇಲಿ ಸಂಸಾರ ಹೂಡಿತ್ತು.

"ಇಕ್ಕಳ ಹಿಡಿದೋರು ಯಜಮಾನ್ರು.
ಸಣ್ಣ ಸುತ್ತಿಗೇಲಿ ಅವರು ಎಲ್ಲಿ ಮುಟ್ಟುತಾರೋ
ಅಲ್ಲೇ ಬೀಳಬೇಕು ಚಮ್ಮಟಿಗೆ."
ಇಕ್ಕಳ ಆಗಲೇ ಅವಳ ಕೈಯಲ್ಲಿತ್ತು.

ಟಿಣ್, ಅವಳು. ಧಣ್, ನಾನು.
ಟಿಣ್. ಧಣ್.
ಟಿಣ್.
ತಪ್ಪಿ ಅಡಿಗಲ್ಲಿಗೇ ಬಿತ್ತು, ಮೊಣಕೈವರೆಗೆ ಜುಮ್ಮೆಂದಿತು.
"ಅವ್ವ, ನಾನು ತೋರಿಸಿದ ಕಡೆ ಹೊಡಿ."

ಕಬ್ಬಿಣದ ಬಗ್ಗೆ ಹೇಳಿದ್ದು ಅವಳು. ಅಷ್ಟೇ.
ನನಗೆ ಆ ಬುಧವಾರ ನೆನಪಾಯಿತು:
ಕಡಲೆಹಿಟ್ಟು ಮೆತ್ತಿದ ನನ್ನ ಕೈ,
ಗಾಡಿಯ ಸುತ್ತ ನಿಂತ ಗಿರಾಕಿಗಳು, ಅವಳ ಕೆನ್ನೆ.
ಕಾರಣ ಇತ್ತು.
ಈಗ ಹೇಳಹೊರಟರೆ ಒಂದು ಸಾಲಿಗೂ ಸಾಲದು.

ಮೊದಲ ಚಾಕು ನೀರಿನಲ್ಲಿ ಸೀಳಿತು.
ಬಳೆ ಒಡೆದಷ್ಟೇ ಸದ್ದು.
"ಹೋಯ್ತು" ಎಂದ ಈರಾಚಾರಿ, ಕಟ್ಟೆಯಿಂದಲೇ.
ಕಾಣದೆ ಹೆಂಗೆ ಗೊತ್ತಾಯ್ತು ಅಂದರೆ
"ನಾನೂ ಬೇಕಾದಷ್ಟು ಒಡೆದೀನಿ ತಾಯಿ."

ಎರಡನೆಯದಕ್ಕೆ ಸಂಜೆಯಾಗಲಿ ಎಂದ.
ಬೆಳಕಿನಲ್ಲಿ ಕಬ್ಬಿಣ ಸುಳ್ಳು ಹೇಳುತ್ತದಂತೆ,
ಕತ್ತಲಾದ ಮೇಲೆ ಕೇಳಬೇಕಂತೆ.
ಹಾಳಾದ ಸ್ಪೀಕರಿನಿಂದ ಅಯಸ್ಕಾಂತ ಬಿಚ್ಚಿ ತಂದಿದ್ದಳು ದಾಕ್ಷಿ,
ಕೆಂಪು ಅಲಗು ಅದನ್ನು ಹಿಡಿಯದೆ ಬಿಟ್ಟಾಗ ಹದವಂತೆ.
ಎಲ್ಲಿ ಕಲಿತೆ ಅಂದರೆ ಫೋನು ತೋರಿಸಿದಳು.
"ಈ ಸಲ ನೀರು ಬ್ಯಾಡ, ಎಣ್ಣೆ. ಎಷ್ಟು ಬಿಸಿ ಅಂತ ಗೊತ್ತಿಲ್ಲ."

ಎಣ್ಣೆಯನ್ನು ನನಗೆ ಬಿಡು, ಎಂದೆ.

ಮಿರ್ಚಿ ಕರಿದು ಮಿಕ್ಕ ಎಣ್ಣೆ, ಒಂದು ಡಬ್ಬಿ.
ಹಿಟ್ಟು ಬಿಟ್ಟರೆ ತಳದಲ್ಲೇ ಮಲಗಬೇಕು,
ಏಳುವ ಮನಸ್ಸೂ ಮಾಡಬಾರದು, ಅಷ್ಟು ಬಿಸಿ.
ಬೆರಳದ್ದಿ ನೋಡಿ ಹ್ಞೂಂ ಎಂದೆ. ಅವಳು ಅದ್ದಿದಳು.
ಭಗ್ ಎಂದು ಹೊಗೆ, ಓಣಿಯ ತುಂಬ ಬಜ್ಜಿಯ ವಾಸನೆ.
ಇಬ್ಬರು ಹುಡುಗರು ಹತ್ತು ರೂಪಾಯಿ ಹಿಡಿದು ಬಂದು
ನಿರಾಶರಾಗಿ ಹೋದರು.

ಆಮೇಲೆ ನಮ್ಮ ಮನೆಯ ದೋಸೆಹಂಚಿನ ಮೇಲೆ ಅಲಗನ್ನು ಕಾಯಿಸಿದೆವು.
"ಜೋಳದ ದಂಟಿನ ಬಣ್ಣ ಬರಬೇಕು, ನೇರಳೆಗೆ ಹೋದ್ರೆ ಕೆಟ್ಟಿತು."
ತಲೆಗೆ ತಲೆ ತಾಗುವಷ್ಟು ಬಗ್ಗಿ
ಎಷ್ಟು ಹೊತ್ತು ನೋಡಿದೆವೋ.
ಬಂತು ಎಂದೆವು, ಇಬ್ಬರೂ, ಒಟ್ಟಿಗೆ.

ಹಿಡಿಗೆ ಮುರಿದ ಲಟ್ಟಣಿಗೆ. ಎರಡು ಹಿತ್ತಾಳೆ ಮೊಳೆ.
"ನೆಲದ ಮೇಲಿಡು" ಎಂದೆ, "ಚಾಕು ಕೈಯಿಂದ ಕೈಗೆ ಕೊಡಬಾರದು,
ಜಗಳ ಬರ್ತದೆ."
"ಬಂದು ಹೋಯ್ತಲ್ಲ" ಎಂದಳು,
ಅಲಗನ್ನು ತನ್ನ ಕಡೆ ತಿರುಗಿಸಿಕೊಂಡು
ಹಿಡಿಯನ್ನು ನನ್ನತ್ತ ಚಾಚಿ.

ತೊಟ್ಟಿನಿಂದ ತುದಿಗೆ ಒಂದು ಮೆಣಸಿನಕಾಯಿ ಸೀಳಿದೆ.
ಎಡಕ್ಕೆ ವಾಲಿತು.
ಪ್ರತಿ ಸಲವೂ ಎಡಕ್ಕೇ, ಒಂದು ಕೂದಲೆಳೆ;
ಮಣಿಕಟ್ಟು ಈಗೀಗ ಕಲಿಯುತ್ತಿದೆ.